ಮುಕ್ತ ತಂತ್ರಾಂಶ ವೇದಿಕೆಗಳಲ್ಲಿ ಉದ್ಯಮಗಳ ಸಹಯೋಗ: ಜಾವಾ ಮತ್ತು ಎಕ್ಲಿಪ್ಸ್

ಮಾರುಕಟ್ಟೆಯಲ್ಲಿ ಪೈಪೋಟಿಗೆ ನಿಂತ ಕಂಪನಿಗಳೇ ತಮ್ಮೆಲ್ಲರಿಗೂ ಬೇಕಾದ ಮೂಲ ತಂತ್ರಾಂಶವನ್ನು ಒಟ್ಟಾಗಿ ಬರೆದು, ಅದರ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟು, ಅದರ ಮೇಲೆ ತಂತಮ್ಮ ಸರಕನ್ನು ಕಟ್ಟಿ ಮಾರುವ ಪದ್ಧತಿ ತಂತ್ರಾಂಶ ಉದ್ಯಮದಲ್ಲಿ 1990ರ ದಶಕದ ಕೊನೆಯಿಂದ ಬೆಳೆದುಬಂದಿದೆ. ಹೀಗೆ ಹಂಚಿಕೊಳ್ಳುವ ಭಾಗ ಸಾಮಾನ್ಯವಾಗಿ ಗಿರಾಕಿಯ ಕಣ್ಣಿಗೆ ಬೀಳುವಂಥದ್ದಲ್ಲ. ಕಂಪೈಲರ್, ವರ್ಚುವಲ್ ಮೆಷಿನ್, ಲೈಬ್ರರಿಗಳು, ಪ್ರೋಗ್ರಾಮರುಗಳು ಕೋಡ್ ಬರೆಯಲು ಬಳಸುವ ಎಡಿಟರ್ ಈ ಗುಂಪಿಗೆ ಸೇರುತ್ತವೆ. ಇವನ್ನು ಕಟ್ಟಿ ನಿಲ್ಲಿಸಲು ನೂರಾರು ಎಂಜಿನಿಯರುಗಳು ವರ್ಷಗಟ್ಟಲೆ ದುಡಿಯಬೇಕು. ಆದರೆ ಒಂದು ಬ್ಯಾಂಕೋ ವಿಮಾ ಕಂಪನಿಯೋ ದುಡ್ಡು ಕೊಡುವುದು ಇವುಗಳ ಮೇಲೆ ನಿಂತ ಸೇವೆಗೆ. ಖರ್ಚನ್ನು ಹಂಚಿಕೊಳ್ಳುವ ಲೆಕ್ಕಾಚಾರ ಹುಟ್ಟುವುದು ಇಲ್ಲಿಂದ.

ಲೈನಕ್ಸ್ ಕರ್ನಲ್, ಎಲ್‌ಎಲ್‌ವಿಎಂ ಕಂಪೈಲರ್, ನೋಡ್ ಜೆಎಸ್, ರಸ್ಟ್ ಭಾಷೆ ಎಲ್ಲವೂ ಈ ಬಗೆಯ ವೇದಿಕೆಗಳೇ. ಆದರೂ ಸಹಯೋಗದ ಎಲ್ಲ ರೂಪಗಳೂ, ಅದರೊಳಗಿನ ಎಲ್ಲ ಜಗಳಗಳೂ ಒಂದೇ ಕಡೆ ಕಾಣಸಿಗುವುದು ಜಾವಾ ಭಾಷೆಯ ವೇದಿಕೆ ಮತ್ತು ಅದರ ಸುತ್ತ ಬೆಳೆದ ಎಕ್ಲಿಪ್ಸ್ ಎಂಬ ಪ್ರೋಗ್ರಾಮಿಂಗ್ ಸಾಧನದ ಚರಿತ್ರೆಯಲ್ಲಿ. ಕೋಡ್ ತೆರೆದಿಡುವುದು ಸುಲಭದ ಕೆಲಸ, ಹೆಸರು, ಪರೀಕ್ಷೆ ಮತ್ತು ತೀರ್ಮಾನದ ಅಧಿಕಾರ ಈ ಮೂರರ ಮೇಲಿನ ಹಿಡಿತ ಬಿಡುವುದೇ ಕಷ್ಟದ್ದು ಎಂಬುದಕ್ಕೆ ಈ ಚರಿತ್ರೆಯ ಪ್ರತಿ ಘಟ್ಟವೂ ಸಾಕ್ಷಿ.

ಜಾವಾದ ಮೊದಲ ವರ್ಷಗಳು

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗೋಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿದ ಜಾವಾ 1995ರ ಮೇ ತಿಂಗಳಲ್ಲಿ ಹೊರಬಂತು. ಒಮ್ಮೆ ಕಂಪೈಲ್ ಮಾಡಿದ ಪ್ರೋಗ್ರಾಂ ವಿಂಡೋಸ್, ಸೋಲಾರಿಸ್, ಮ್ಯಾಕ್ ಎನ್ನದೆ ಯಾವ ಯಂತ್ರದ ಮೇಲಾದರೂ ಓಡಬೇಕೆಂಬುದು ಅದರ ಮುಖ್ಯ ಆಶ್ವಾಸನೆ. ಆ ಆಶ್ವಾಸನೆ ಉಳಿಯಬೇಕಾದರೆ ಜಾವಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಪ್ರತಿ ತಂತ್ರಾಂಶವೂ ಒಂದೇ ರೀತಿ ವರ್ತಿಸಬೇಕು. ವಿಂಡೋಸ್‌ಗೆ ಮಾತ್ರ ಒಗ್ಗುವ ಬದಲಾವಣೆಗಳನ್ನು ಮೈಕ್ರೋಸಾಫ್ಟ್ ತನ್ನ ಜಾವಾದಲ್ಲಿ ಸೇರಿಸಿತೆಂದು ಸನ್ 1997ರಲ್ಲಿ ಮೊಕದ್ದಮೆ ಹೂಡಿತು. 2001ರ ಜನವರಿಯಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಈ ಅನುಭವದಿಂದ ಸನ್ ಒಂದು ಕಡೆ ಬಿಗಿಯಾಯಿತು, ಇನ್ನೊಂದು ಕಡೆ ಸಡಿಲಾಯಿತು. ಭಾಷೆಗೆ ಹೊಸದೇನು ಸೇರಬೇಕೆಂದು ಚರ್ಚಿಸಲು 1998ರಲ್ಲಿ ಜಾವಾ ಕಮ್ಯುನಿಟಿ ಪ್ರೊಸೆಸ್, ಚಿಕ್ಕದಾಗಿ ಜೆಸಿಪಿ, ಎಂಬ ಏರ್ಪಾಡು ಮಾಡಿ ಐಬಿಎಂ, ಒರಾಕಲ್‌ನಂಥ ಕಂಪನಿಗಳನ್ನೂ ಅಪಾಚೆ ಪ್ರತಿಷ್ಠಾನವನ್ನೂ ಒಳಗೆ ಕರೆದುಕೊಂಡಿತು. ಪ್ರತಿ ಹೊಸ ನಿರ್ದಿಷ್ಟತೆಯ ಜೊತೆ ಮೂರು ವಸ್ತುಗಳು ಸಿದ್ಧವಾಗಬೇಕಿತ್ತು: ನಿಯಮಗಳನ್ನು ವಿವರಿಸುವ ದಸ್ತಾವೇಜು, ಅದಕ್ಕೆ ತಕ್ಕಂತೆ ಬರೆದ ಒಂದು ಮಾದರಿ ತಂತ್ರಾಂಶ, ಬೇರೆಯವರು ಬರೆದದ್ದು ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷಾ ಕಟ್ಟು. ಟಿಸಿಕೆ ಎಂದು ಕರೆಯುವ ಈ ಪರೀಕ್ಷಾ ಕಟ್ಟಿನಲ್ಲಿ ಉತ್ತೀರ್ಣವಾಗದ ತಂತ್ರಾಂಶ ಜಾವಾ ಎಂದು ಹೇಳಿಕೊಳ್ಳುವಂತಿಲ್ಲ. ಮೂಲ ಜಾವಾದ ಟಿಸಿಕೆ ಮಾತ್ರ ಸನ್ ಕೈಯಲ್ಲೇ ಉಳಿಯಿತು. ಮುಂದಿನ ದೊಡ್ಡ ಜಗಳಕ್ಕೆ ಬೀಜ ಬಿದ್ದದ್ದು ಇಲ್ಲಿ.

ಎಕ್ಲಿಪ್ಸ್: ಕೊಡುಗೆಯಿಂದ ಪ್ರತಿಷ್ಠಾನದವರೆಗೆ

ಕೆನಡಾದ ಒಟ್ಟಾವಾದಲ್ಲಿದ್ದ ಒಟಿಐ ಎಂಬ ಕಂಪನಿಯನ್ನು ಐಬಿಎಂ 1996ರಲ್ಲಿ ಕೊಂಡಿತು. ಸ್ಮಾಲ್‌ಟಾಕ್ ಭಾಷೆಯ ಸಾಧನಗಳಲ್ಲಿ ಪಳಗಿದ್ದ ಈ ತಂಡ, ಐಬಿಎಂನ ಬೇರೆ ಬೇರೆ ವಿಭಾಗಗಳು ಪ್ರತ್ಯೇಕವಾಗಿ ಕಟ್ಟಿಕೊಂಡಿದ್ದ ಪ್ರೋಗ್ರಾಮಿಂಗ್ ಸಾಧನಗಳಿಗೆಲ್ಲ ಒಂದೇ ತಳಪಾಯ ಹಾಕುವ ಕೆಲಸಕ್ಕೆ ಕೈಹಾಕಿತು. ಜ್ಯೂರಿಕ್‌ನಲ್ಲಿದ್ದ ಶಾಖೆಯ ಎರಿಕ್ ಗಾಮಾ ಜಾವಾ ಸಾಧನಗಳ ಭಾಗವನ್ನು ಮುನ್ನಡೆಸಿದರು. ಹೊರಗಿನ ಕಂಪನಿಗಳೂ ಈ ತಳಪಾಯದ ಮೇಲೆ ತಮ್ಮ ಸಾಧನ ಕಟ್ಟಲಿ ಎಂಬುದು ಐಬಿಎಂನ ಆಸೆ. ಆದರೆ ಒಡೆತನ ಐಬಿಎಂ ಕೈಯಲ್ಲಿರುವಾಗ ಅದನ್ನು ನಂಬಿ ಬಂಡವಾಳ ಹಾಕಲು ಯಾರೂ ಮುಂದೆ ಬರುತ್ತಿರಲಿಲ್ಲ.

2001ರ ನವೆಂಬರಿನಲ್ಲಿ ಐಬಿಎಂ 4 ಕೋಟಿ ಡಾಲರ್ ಬೆಲೆಯದೆಂದು ತಾನೇ ಅಂದಾಜಿಸಿದ ಈ ಕೋಡನ್ನು ಎಕ್ಲಿಪ್ಸ್ ಎಂಬ ಹೆಸರಿನಲ್ಲಿ ಓಪನ್ ಸೋರ್ಸ್ ಆಗಿ ಬಿಡುಗಡೆ ಮಾಡಿತು. ಜೊತೆಗೆ ಬೋರ್ಲೆಂಡ್, ಮೆರಂಟ್, ಕ್ಯೂಎನ್‌ಎಕ್ಸ್, ರ‍್ಯಾಷನಲ್, ರೆಡ್ ಹ್ಯಾಟ್, ಸೂಸೆ, ಟುಗೆದರ್‌ಸಾಫ್ಟ್, ವೆಬ್‌ಗೇನ್ ಕಂಪನಿಗಳನ್ನು ಸೇರಿಸಿ ಒಂದು ಒಕ್ಕೂಟ ರಚಿಸಿತು. ಇವರಲ್ಲಿ ಹಲವರು ಸಾಧನಗಳ ಮಾರುಕಟ್ಟೆಯಲ್ಲಿ ಐಬಿಎಂನ ನೇರ ಪ್ರತಿಸ್ಪರ್ಧಿಗಳು.

ಎಕ್ಲಿಪ್ಸ್‌ನ ಒಳರಚನೆಯೇ ಇಂಥ ಒಕ್ಕೂಟಕ್ಕೆ ಹೇಳಿ ಮಾಡಿಸಿದಂತಿತ್ತು. ಅದರ ತಿರುಳು ಬಹಳ ಚಿಕ್ಕದು, ಉಳಿದದ್ದೆಲ್ಲ ಪ್ಲಗ್‌ಇನ್. ಒಂದು ಪ್ಲಗ್‌ಇನ್ ತಾನು ಎಲ್ಲೆಲ್ಲಿ ಇತರರಿಗೆ ಜಾಗ ಬಿಟ್ಟಿದ್ದೇನೆ, ಇತರರ ಯಾವ ಜಾಗದಲ್ಲಿ ತಾನು ಕೂರುತ್ತೇನೆ ಎಂಬುದನ್ನು ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಡುತ್ತದೆ. ಮೆನುವಿಗೆ ಒಂದು ಸಾಲು ಸೇರಿಸಬೇಕೆ, ಹೊಸ ಭಾಷೆಗೆ ಎಡಿಟರ್ ಬೇಕೆ, ಕಡತದಲ್ಲಿ ನಾಲ್ಕು ಸಾಲು ಬರೆದರೆ ಸಾಕು, ಆ ಪ್ಲಗ್‌ಇನ್‌ನ ಕೋಡ್ ನಿಜವಾಗಿ ಬೇಕಾಗುವವರೆಗೆ ಮೆಮರಿಗೆ ಬರುವುದೂ ಇಲ್ಲ. ಜೆಡಿಟಿ ಎಂದು ಕರೆಯುವ ಎಕ್ಲಿಪ್ಸ್‌ನ ಸ್ವಂತ ಜಾವಾ ಸಾಧನಗಳಿಗೂ ಇದರಿಂದ ವಿನಾಯಿತಿ ಇಲ್ಲ. ಹೊರಗಿನವರು ಯಾವ ಬಾಗಿಲಿನಿಂದ ಬರುತ್ತಾರೋ ಅವೂ ಅದೇ ಬಾಗಿಲಿನಿಂದ ಬಂದವು. ಮೊದಲಿಗೆ ಎಕ್ಲಿಪ್ಸ್ ತನ್ನದೇ ಪ್ಲಗ್‌ಇನ್ ವ್ಯವಸ್ಥೆಯನ್ನು ಬಳಸುತ್ತಿತ್ತು. 2004ರ 3.0 ಆವೃತ್ತಿಯಲ್ಲಿ ಅದನ್ನು ಬಿಟ್ಟು ಒಎಸ್‌ಜಿಐ ಎಂಬ ಹೊರಗಿನ ಮಾನಕಕ್ಕೆ ಬಂತು.

ಒಕ್ಕೂಟ ಬೆಳೆಯಿತು. 2003ರ ಕೊನೆಗೆ ಸದಸ್ಯರ ಸಂಖ್ಯೆ 80 ದಾಟಿತ್ತು. ಆದರೂ ಇದು ಐಬಿಎಂನದೇ ಆಟ ಎಂಬ ಸಂಶಯ ಮಾತ್ರ ಹೋಗಲಿಲ್ಲ. ಒಕ್ಕೂಟ ಸೇರುವ ಕುರಿತು ಸನ್ ಜೊತೆಗಿನ ಮಾತುಕತೆ ಅದೇ ವರ್ಷದ ಕೊನೆಗೆ ಮುರಿದುಬಿತ್ತು. ಪ್ರಾಗ್‌ನ ವಿದ್ಯಾರ್ಥಿಗಳ ಯೋಜನೆಯಾಗಿ 1996ರಲ್ಲಿ ಹುಟ್ಟಿದ್ದ ನೆಟ್‌ಬೀನ್ಸ್ ಎಂಬ ಸಾಧನವನ್ನು ಸನ್ ಕೊಂಡು 2000ದಲ್ಲೇ ಓಪನ್ ಸೋರ್ಸ್ ಮಾಡಿತ್ತು, ಅದನ್ನು ಬಿಟ್ಟುಕೊಡಲು ಸಿದ್ಧವಿರಲಿಲ್ಲ. ಪರದೆಯ ಮೇಲೆ ಗುಂಡಿ, ಕಿಟಕಿಗಳನ್ನು ಬಿಡಿಸಲು ಎಕ್ಲಿಪ್ಸ್ ಸನ್‌ನ ಸ್ವಿಂಗ್ ಲೈಬ್ರರಿಯನ್ನು ಬದಿಗಿಟ್ಟು ಎಸ್‌ಡಬ್ಲ್ಯೂಟಿ ಎಂಬ ತನ್ನದೇ ಲೈಬ್ರರಿ ಬಳಸಿದ್ದೂ ಮನಸ್ತಾಪಕ್ಕೆ ಕಾರಣವಾಗಿತ್ತು.

ಐಬಿಎಂ ಮೇಲಿನ ಈ ಸಂಶಯಕ್ಕೆ ಉತ್ತರವಾಗಿ 2004ರ ಫೆಬ್ರವರಿಯಲ್ಲಿ ಎಕ್ಲಿಪ್ಸ್ ಪ್ರತಿಷ್ಠಾನ ಲಾಭರಹಿತ ಸ್ವತಂತ್ರ ಸಂಸ್ಥೆಯಾಗಿ ಘೋಷಣೆಯಾಯಿತು. ಆ ವರ್ಷ ಕಾರ್ಯನಿರ್ವಾಹಕ ನಿರ್ದೇಶಕರಾದ ಮೈಕ್ ಮಿಲಿಂಕೋವಿಚ್ ಅದನ್ನು ದೀರ್ಘಕಾಲ ನಡೆಸಿದರು. ಉನ್ನತ ದರ್ಜೆಯ ಸದಸ್ಯ ಕಂಪನಿ ವರ್ಷಕ್ಕೆ ಗರಿಷ್ಠ 2,50,000 ಡಾಲರ್ ಕೊಡಬೇಕು, ಜೊತೆಗೆ ಕನಿಷ್ಠ ಎಂಟು ಎಂಜಿನಿಯರುಗಳನ್ನು ಪೂರ್ಣಾವಧಿಗೆ ಎಕ್ಲಿಪ್ಸ್ ಕೆಲಸಕ್ಕೆ ಬಿಡಬೇಕು ಎಂಬ ನಿಯಮ ಬಂತು. ಎರಿಕ್ಸನ್, ಎಚ್‌ಪಿ, ಇಂಟೆಲ್, ಎಸ್‌ಎಪಿ ಮೊದಲ ಸಾಲಿನಲ್ಲಿ ಸೇರಿದವು. ಹಣಕ್ಕಿಂತ ಎಂಜಿನಿಯರುಗಳ ಷರತ್ತೇ ಹೆಚ್ಚು ತೂಕದ್ದಾಗಿತ್ತು. ಎಂಟು ಜನರ ಸಂಬಳ ಕೊಡುವ ಕಂಪನಿ ಯೋಜನೆಯನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಪ್ರತಿಷ್ಠಾನದ ಆಡಳಿತ ಮಂಡಳಿಯಲ್ಲಿ ದೊಡ್ಡ ಕಂಪನಿಗಳ ಪ್ರತಿನಿಧಿಗಳ ಜೊತೆ ಕೋಡ್ ಬರೆಯುವ ಕಮಿಟರುಗಳು ಚುನಾಯಿಸಿದ ಪ್ರತಿನಿಧಿಗಳೂ ಕೂರುತ್ತಾರೆ. ಮಂಡಳಿ ಬಜೆಟ್ಟು, ಪರವಾನಗಿ, ಟ್ರೇಡ್‌ಮಾರ್ಕ್ ನೋಡಿಕೊಳ್ಳುತ್ತದೆ. ಕೋಡಿನಲ್ಲಿ ಏನು ಬದಲಾಗಬೇಕೆಂಬುದು ಆಯಾ ಯೋಜನೆಯ ಕಮಿಟರುಗಳಿಗೆ ಬಿಟ್ಟ ವಿಷಯ, ಹೊಸ ಕಮಿಟರನ್ನು ಸೇರಿಸಿಕೊಳ್ಳುವವರೂ ಅವರೇ, ಮತ ಹಾಕಿ. ಹಣ ಕೊಟ್ಟ ಮಾತ್ರಕ್ಕೆ ಯಾವ ಕಂಪನಿಗೂ ಕೋಡಿಗೆ ಕೈಹಾಕುವ ಹಕ್ಕು ಸಿಗುವುದಿಲ್ಲ. ಹೊರಗಿನಿಂದ ಬಂದ ಕೋಡಿನ ಮೂಲ ಯಾವುದು, ಅದರ ಹಕ್ಕು ಯಾರದು ಎಂದು ಪ್ರತಿಷ್ಠಾನದ ಸಿಬ್ಬಂದಿ ಪರಿಶೀಲಿಸುವ ಪದ್ಧತಿಯೂ ಮೊದಲಿನಿಂದ ಇದೆ. ಈ ಕೋಡನ್ನು ತಮ್ಮ ಸರಕಿನೊಳಗಿಟ್ಟು ಮಾರುವ ಕಂಪನಿಗಳ ವಕೀಲರಿಗೆ ಇದು ದೊಡ್ಡ ನೆಮ್ಮದಿ.

2006ರ ಜೂನ್‌ನಲ್ಲಿ ಕ್ಯಾಲಿಸ್ಟೋ ಎಂಬ ಹೆಸರಿನಲ್ಲಿ ಹತ್ತು ಯೋಜನೆಗಳು ಒಂದೇ ದಿನ ಬಿಡುಗಡೆಯಾದವು. ಮುಂದೆ ಪ್ರತಿ ವರ್ಷ ಜೂನ್ ಎಂದರೆ ಎಕ್ಲಿಪ್ಸ್ ಬಿಡುಗಡೆ ಎಂಬ ವಾಡಿಕೆಯಾಯಿತು. 2011ರ ಇಂಡಿಗೋದಲ್ಲಿ 62 ಯೋಜನೆಗಳು, 4.6 ಕೋಟಿ ಸಾಲಿನ ಕೋಡು ಇತ್ತು. ಬೇರೆ ಬೇರೆ ದೇಶಗಳ, ಬೇರೆ ಬೇರೆ ಕಂಪನಿಗಳ ಸಂಬಳದಲ್ಲಿರುವ ನೂರಾರು ಜನ ಒಂದು ದಿನಾಂಕವನ್ನು ತಪ್ಪದೆ ಪಾಲಿಸಿದ್ದು ಎಕ್ಲಿಪ್ಸ್‌ನ ಅತಿ ದೊಡ್ಡ ಸಾಧನೆಯೆಂದೇ ಹೇಳಬೇಕು. ಅದೇ ವರ್ಷದ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಎಕ್ಲಿಪ್ಸ್‌ಗೆ ಸಂದಿತು. 2018ರಿಂದ ವಾರ್ಷಿಕ ಬಿಡುಗಡೆ ತ್ರೈಮಾಸಿಕವಾಗಿದೆ.

ಹಾರ್ಮನಿ ವಿವಾದ

ಜಾವಾದ ವರ್ಚುವಲ್ ಮೆಷಿನ್ ಮತ್ತು ಲೈಬ್ರರಿಗಳು ಮಾತ್ರ 2005ರಲ್ಲೂ ಮುಕ್ತವಾಗಿರಲಿಲ್ಲ. ಆ ವರ್ಷ ಅಪಾಚೆ ಪ್ರತಿಷ್ಠಾನದಲ್ಲಿ ಹಾರ್ಮನಿ ಎಂಬ ಯೋಜನೆ ಆರಂಭವಾಯಿತು. ಸನ್‌ನ ಕೋಡನ್ನು ಮುಟ್ಟದೆ, ನಿರ್ದಿಷ್ಟತೆಯನ್ನಷ್ಟೇ ಓದಿ ಇಡೀ ಜಾವಾವನ್ನು ಹೊಸದಾಗಿ ಬರೆಯುವುದು ಅದರ ಗುರಿ. ಐಬಿಎಂ ಮತ್ತು ಇಂಟೆಲ್ ದೊಡ್ಡ ಪ್ರಮಾಣದ ಕೋಡು ಕೊಟ್ಟವು. ಕೆಲಸ ಒಂದು ಹಂತಕ್ಕೆ ಬಂದಾಗ ಅಪಾಚೆ ಟಿಸಿಕೆ ಕೇಳಿತು. ಸನ್ ಕೊಡಲೊಪ್ಪಿದ ಪರವಾನಗಿಯಲ್ಲಿ, ಪರೀಕ್ಷೆಯಲ್ಲಿ ಉತ್ತೀರ್ಣವಾದ ತಂತ್ರಾಂಶವನ್ನು ಎಂಥ ಯಂತ್ರಗಳಲ್ಲಿ ಬಳಸಬಹುದು ಎಂಬುದಕ್ಕೆ ಮಿತಿ ಇತ್ತು. ಮೊಬೈಲ್ ಫೋನುಗಳ ಜಾವಾ ಸನ್‌ಗೆ ಆದಾಯದ ಮೂಲವಾಗಿದ್ದದ್ದು ಇದರ ಹಿಂದಿನ ಕಾರಣ. ಬಳಕೆಗೆ ಮಿತಿ ಹಾಕಿದರೆ, ಯಾರು ಯಾವುದಕ್ಕೆ ಬೇಕಾದರೂ ಬಳಸಲಿ ಎನ್ನುವ ಅಪಾಚೆ ಲೈಸೆನ್ಸಿಗೇ ಅರ್ಥವಿಲ್ಲ. 2007ರ ಏಪ್ರಿಲ್‌ನಲ್ಲಿ ಅಪಾಚೆ ಬಹಿರಂಗ ಪತ್ರ ಬರೆದು ಆಕ್ಷೇಪಿಸಿತು. ಸನ್ ಜಗ್ಗಲಿಲ್ಲ. ಕೊನೆಗೂ ಹಾರ್ಮನಿಗೆ ಟಿಸಿಕೆ ಸಿಗಲಿಲ್ಲ.

ಆದರೆ ಹಾರ್ಮನಿಯ ಲೈಬ್ರರಿಗಳು ವ್ಯರ್ಥವಾಗಲಿಲ್ಲ. ಗೂಗಲ್ ಅವನ್ನು ಆಂಡ್ರಾಯ್ಡ್‌ನಲ್ಲಿ ಬಳಸಿತು. 2010ರ ಜನವರಿಯಲ್ಲಿ ಸನ್ ಕಂಪನಿಯನ್ನು ಕೊಂಡ ಒರಾಕಲ್ ಅದೇ ವರ್ಷದ ಆಗಸ್ಟ್‌ನಲ್ಲಿ ಗೂಗಲ್ ಮೇಲೆ ದಾವೆ ಹೂಡಿತು. ಆಂಡ್ರಾಯ್ಡ್ ಜಾವಾದ ಎಪಿಐಗಳ ಸುಮಾರು 11,500 ಸಾಲು ಘೋಷಣೆಗಳನ್ನು ನಕಲು ಮಾಡಿದೆ ಎಂಬುದು ಕೊನೆಯವರೆಗೆ ಉಳಿದ ಮುಖ್ಯ ಆರೋಪ. ಹತ್ತು ವರ್ಷ ನಡೆದ ವ್ಯಾಜ್ಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 5ರಂದು 6-2 ಬಹುಮತದಿಂದ ಅದು ನ್ಯಾಯಸಮ್ಮತ ಬಳಕೆ ಎಂದು ತೀರ್ಪು ಕೊಟ್ಟಿತು.

ಓಪನ್ ಜೆಡಿಕೆ

ಸನ್ 2006ರ ನವೆಂಬರಿನಲ್ಲಿ ಜಾವಾವನ್ನು ಜಿಪಿಎಲ್ ಪರವಾನಗಿಯಡಿ ಬಿಡುಗಡೆ ಮಾಡುವುದಾಗಿ ಘೋಷಿಸಿತು. 2007ರ ಮೇ ತಿಂಗಳಲ್ಲಿ ಓಪನ್ ಜೆಡಿಕೆ ಹೆಸರಿನಲ್ಲಿ ಕೋಡು ಹೊರಬಂತು (ಜೆಡಿಕೆ ಎಂದರೆ ಜಾವಾ ಪ್ರೋಗ್ರಾಂ ಬರೆದು ಓಡಿಸಲು ಬೇಕಾದ ಸಾಧನಗಳ ಕಟ್ಟು). ಅಕ್ಷರಗಳನ್ನು ಬಿಡಿಸುವ ಭಾಗ, ಧ್ವನಿಯ ಭಾಗ ಮುಂತಾಗಿ ಹೊರಗಿನವರ ಹಕ್ಕಿಗೆ ಸೇರಿದ್ದ ಸುಮಾರು 4% ಮಾತ್ರ ಮುಚ್ಚಿಯೇ ಉಳಿಯಿತು. ರೆಡ್ ಹ್ಯಾಟ್ ಕಂಪನಿಯ ಎಂಜಿನಿಯರುಗಳು ಮರುತಿಂಗಳೇ ಐಸ್‌ಡ್‌ಟೀ ಎಂಬ ಯೋಜನೆ ಆರಂಭಿಸಿ ಆ ತೂತುಗಳನ್ನು ಮುಕ್ತ ಕೋಡಿನಿಂದ ಮುಚ್ಚುತ್ತ ಬಂದರು. 2008ರ ಜೂನ್‌ನಲ್ಲಿ ಫೆಡೋರಾ 9 ಲೈನಕ್ಸ್‌ನಲ್ಲಿದ್ದ ಅವರ ಜಾವಾ ಟಿಸಿಕೆಯಲ್ಲಿ ಉತ್ತೀರ್ಣವಾಯಿತು. ಓಪನ್ ಜೆಡಿಕೆಯಿಂದಲೇ ಕವಲೊಡೆದ ಜಿಪಿಎಲ್ ತಂತ್ರಾಂಶಗಳಿಗೆ ಸನ್ ಬೇರೆಯದೇ ಟಿಸಿಕೆ ಒಪ್ಪಂದ ರೂಪಿಸಿತ್ತು. ಅಪಾಚೆಗೆ ಮುಚ್ಚಿದ ಬಾಗಿಲು ರೆಡ್ ಹ್ಯಾಟ್‌ಗೆ ತೆರೆದದ್ದು ಹಾಗೆ.

ಒರಾಕಲ್ ಬಂದ ಮೇಲೆ ಪಾಳಯಗಳು ಅದಲುಬದಲಾದವು. 2010ರ ಅಕ್ಟೋಬರ್‌ನಲ್ಲಿ ಐಬಿಎಂ ಹಾರ್ಮನಿಯಿಂದ ತನ್ನ ಎಂಜಿನಿಯರುಗಳನ್ನು ತೆಗೆದು ಓಪನ್ ಜೆಡಿಕೆ ಸೇರುವುದಾಗಿ ಹೇಳಿತು. ಮುಂದಿನ ತಿಂಗಳು ಆಪಲ್ ಮ್ಯಾಕ್‌ನ ಜಾವಾ ಕೋಡನ್ನು ಕೊಡಲು ಒಪ್ಪಿತು. ಡಿಸೆಂಬರ್‌ನಲ್ಲಿ ಅಪಾಚೆ ಪ್ರತಿಷ್ಠಾನ ಜೆಸಿಪಿಯ ಕಾರ್ಯಕಾರಿ ಸಮಿತಿಗೆ ರಾಜೀನಾಮೆ ಕೊಟ್ಟು ಹೊರನಡೆಯಿತು. 2011ರಲ್ಲಿ ಎಸ್‌ಎಪಿ ಓಪನ್ ಜೆಡಿಕೆಗೆ ಸೇರಿತು, ಹಾರ್ಮನಿ ನವೆಂಬರ್‌ನಲ್ಲಿ ಅಧಿಕೃತವಾಗಿ ನಿಂತಿತು. ಐಬಿಎಂನ ನಡೆಯನ್ನು ದ್ರೋಹವೆಂದು ಕರೆದವರಿದ್ದರು. ಆದರೆ ಎರಡು ಮುಕ್ತ ಜಾವಾಗಳಿಗೆ ಹಂಚಿಹೋಗಿದ್ದ ದುಡಿಮೆ ಒಂದೇ ಕಡೆ ಕೂಡಿದ್ದರಿಂದಲೇ ಮುಂದಿನ ಪ್ರಗತಿ ಸಾಧ್ಯವಾಯಿತು ಎಂಬುದನ್ನೂ ಅಲ್ಲಗಳೆಯಲಾಗದು.

ಈಗ ಓಪನ್ ಜೆಡಿಕೆಯಲ್ಲಿ ಪ್ರತಿ ಕಂಪನಿಯೂ ತನಗೆ ಬೇಕಾದ ಮೂಲೆಯಲ್ಲಿ ದುಡಿಯುತ್ತದೆ, ಫಲ ಎಲ್ಲರಿಗೂ ಸಿಗುತ್ತದೆ. ಪವರ್‌ಪಿಸಿ ಪ್ರೊಸೆಸರುಗಳಿಗೆ ಜಾವಾ ಒಗ್ಗಿಸಿದ್ದು ಐಬಿಎಂ ಮತ್ತು ಎಸ್‌ಎಪಿ. 64 ಬಿಟ್ ಆರ್ಮ್‌ಗೆ ಒಗ್ಗಿಸುವ ಕೆಲಸದಲ್ಲಿ ರೆಡ್ ಹ್ಯಾಟ್ ಮುಂದಿತ್ತು. ಅದರ ವಿಂಡೋಸ್ ರೂಪವನ್ನು ಮೈಕ್ರೋಸಾಫ್ಟ್ ಜೆಡಿಕೆ 16ರಲ್ಲೂ, ಆಪಲ್ ಮ್ಯಾಕ್ ರೂಪವನ್ನು ಅಝುಲ್ ಜೆಡಿಕೆ 17ರಲ್ಲೂ ತಂದವು. ರಿಸ್ಕ್-ವಿ ರೂಪ ಹುವಾವೆಯಿಂದ ಜೆಡಿಕೆ 19ಕ್ಕೆ ಬಂತು. ಬಳಸಿ ಬಿಟ್ಟ ಮೆಮರಿಯನ್ನು ಪ್ರೋಗ್ರಾಂ ನಿಲ್ಲಿಸದೆ ಗುಡಿಸುವ ಶೆನಾಂಡೋವಾ ರೆಡ್ ಹ್ಯಾಟ್‌ನ ಕೊಡುಗೆ. ಅದೇ ಉದ್ದೇಶದ ಝಡ್‌ಜಿಸಿಯನ್ನು ಒರಾಕಲ್ ಬರೆಯಿತು. ಒಂದೇ ಕೆಲಸಕ್ಕೆ ಎರಡು ಪ್ರತಿಸ್ಪರ್ಧಿ ಕಂಪನಿಗಳ ಎರಡು ಪರಿಹಾರಗಳು ಒಂದೇ ಕೋಡಿನ ಭಂಡಾರದಲ್ಲಿ ಅಕ್ಕಪಕ್ಕ ಕುಳಿತಿವೆ. 1997ರಲ್ಲಿ ಕೋರ್ಟಿನಲ್ಲಿ ಎದುರಾಳಿಯಾಗಿದ್ದ ಮೈಕ್ರೋಸಾಫ್ಟ್ ಇಂದು ತನ್ನದೇ ಓಪನ್ ಜೆಡಿಕೆ ಹಂಚುತ್ತದೆ.

ಆದರೂ ಇದು ಎಕ್ಲಿಪ್ಸ್‌ನಂಥ ಸಮಾನರ ಕೂಟವಲ್ಲ. ಓಪನ್ ಜೆಡಿಕೆಯ ಆಡಳಿತ ಮಂಡಳಿಯ ಐದು ಸ್ಥಾನಗಳಲ್ಲಿ ಅಧ್ಯಕ್ಷರನ್ನೂ ತಾಂತ್ರಿಕ ಮುಖ್ಯಸ್ಥರನ್ನೂ ಒರಾಕಲ್ ನೇಮಿಸುತ್ತದೆ, ಉಪಾಧ್ಯಕ್ಷರನ್ನು ಐಬಿಎಂ ನೇಮಿಸುತ್ತದೆ, ಎರಡು ಸ್ಥಾನಗಳಿಗೆ ಚುನಾವಣೆ ನಡೆಯುತ್ತದೆ. ಜಾವಾ ಎಂಬ ಟ್ರೇಡ್‌ಮಾರ್ಕ್ ಒರಾಕಲ್‌ನದು.

ಒಂದು ತಿದ್ದುಪಡಿಯ ದಾರಿ

ಸಹಯೋಗ ದಿನನಿತ್ಯ ಹೇಗೆ ನಡೆಯುತ್ತದೆಂದು ತಿಳಿಯಲು ಓಪನ್ ಜೆಡಿಕೆಗೆ ಒಂದು ಚಿಕ್ಕ ಪ್ಯಾಚ್ ಸೇರುವ ಬಗೆಯನ್ನು ನೋಡಬಹುದು. ಬರೆಯುವವರು, ಅಥವಾ ಅವರ ಪರವಾಗಿ ಅವರ ಕಂಪನಿ, ಮೊದಲು ಒರಾಕಲ್‌ನ ಕೊಡುಗೆ ಒಪ್ಪಂದಕ್ಕೆ ಸಹಿ ಹಾಕಬೇಕು. ಇದರಿಂದ ಆ ಕೋಡಿನ ಕೃತಿಸ್ವಾಮ್ಯ ಇಬ್ಬರಿಗೂ ಸೇರುತ್ತದೆ. ಪ್ರತಿ ತಿದ್ದುಪಡಿಗೂ ಬಗ್ ಪಟ್ಟಿಯಲ್ಲಿ ಒಂದು ಸಂಖ್ಯೆ ಇರಲೇಬೇಕು. 2020ರ ಸೆಪ್ಟೆಂಬರಿನಲ್ಲಿ ಕೋಡು ಗಿಟ್‌ಹಬ್‌ಗೆ ಬಂದ ಮೇಲೆ ಪ್ಯಾಚನ್ನು ಪುಲ್ ರಿಕ್ವೆಸ್ಟ್ ಆಗಿ ಕಳಿಸುತ್ತಾರೆ. ಕೂಡಲೇ ಒಂದು ಬಾಟ್ ತಪಾಸಣೆಗೆ ಇಳಿಯುತ್ತದೆ: ಒಪ್ಪಂದ ಆಗಿದೆಯೇ, ಶೀರ್ಷಿಕೆಯಲ್ಲಿ ಬಗ್ ಸಂಖ್ಯೆ ಇದೆಯೇ, ಸಾಲಿನ ಕೊನೆಯಲ್ಲಿ ಖಾಲಿ ಜಾಗ ಉಳಿದಿದೆಯೇ. ಕೊನೆಯದು ಕ್ಷುಲ್ಲಕವೆನಿಸಿದರೂ ಒಂದು ಖಾಲಿ ಜಾಗಕ್ಕೂ ಪ್ಯಾಚ್ ಅಲ್ಲೇ ನಿಲ್ಲುತ್ತದೆ. ಆಮೇಲೆ ವಿಮರ್ಶಕರ ಸರದಿ. ವರ್ಚುವಲ್ ಮೆಷಿನ್‌ನ ಕೋಡಾದರೆ ಸಾಮಾನ್ಯವಾಗಿ ಇಬ್ಬರು ನೋಡಬೇಕು. ಒಪ್ಪಿಗೆ ಸಿಕ್ಕ ಮೇಲೆ ಬರೆದವರು ಇಂಟಿಗ್ರೇಟ್ ಎಂಬ ಆಜ್ಞೆ ಬರೆಯುತ್ತಾರೆ, ಅವರಿನ್ನೂ ಕಮಿಟರ್ ಆಗಿಲ್ಲದಿದ್ದರೆ ಕಮಿಟರ್ ಒಬ್ಬರು ಸ್ಪಾನ್ಸರ್ ಎಂದು ಬರೆದು ಹೊಣೆ ಹೊರುತ್ತಾರೆ.

ಇಲ್ಲಿ ದರ್ಜೆ ವ್ಯಕ್ತಿಗೆ ಸೇರಿದ್ದು, ಕಂಪನಿಗಲ್ಲ. ಎರಡು ಪ್ಯಾಚ್ ಸೇರಿದರೆ ಆಥರ್, ಗಣನೀಯವಾದ ಎಂಟು ಸೇರಿದರೆ ಕಮಿಟರ್, 32 ಸೇರಿದರೆ ರಿವ್ಯೂವರ್ ಆಗಲು ಅರ್ಹತೆ. ನೌಕರಿ ಬದಲಾಯಿಸಿದರೂ ದರ್ಜೆ ಜೊತೆಯಲ್ಲೇ ಹೋಗುತ್ತದೆ. ಎಸ್‌ಎಪಿಯ ಎಂಜಿನಿಯರ್ ಬರೆದದ್ದನ್ನು ಒರಾಕಲ್‌ನವರು ತಿದ್ದಿಸುವುದು, ಅಮೆಝಾನ್‌ನವರು ಬರೆದದ್ದನ್ನು ರೆಡ್ ಹ್ಯಾಟ್‌ನವರು ಒಪ್ಪುವುದು ಇಲ್ಲಿ ದಿನದ ಮಾತು. ವರ್ಷಗಟ್ಟಲೆ ಇಂಥ ಒಡನಾಟದಿಂದ ಹುಟ್ಟುವ ವಿಶ್ವಾಸವೇ ಈ ಏರ್ಪಾಡಿನ ನಿಜವಾದ ಬಂಡವಾಳ, ಅದನ್ನು ಯಾವ ಒಪ್ಪಂದದಿಂದಲೂ ಬರೆಸಿಕೊಳ್ಳಲಾಗದು.

ಪರವಾನಗಿಗಳ ಪಾತ್ರ

ಎಕ್ಲಿಪ್ಸ್ ಪಬ್ಲಿಕ್ ಲೈಸೆನ್ಸ್ ಪ್ರಕಾರ ಎಕ್ಲಿಪ್ಸ್‌ನ ಕೋಡನ್ನೇ ಬದಲಿಸಿ ಹಂಚಿದವರು ಆ ಬದಲಾವಣೆಯನ್ನು ತೆರೆದಿಡಬೇಕು. ಪ್ರತ್ಯೇಕವಾಗಿ ಬರೆದ ಪ್ಲಗ್‌ಇನ್‌ಗಳನ್ನು ಮುಚ್ಚಿಟ್ಟು ಮಾರಬಹುದು. ಕೊಡುಗೆ ನೀಡಿದವರ ಪೇಟೆಂಟುಗಳ ಬಳಕೆಗೂ ಅದರಲ್ಲಿ ಅನುಮತಿ ಇದೆ. ಓಪನ್ ಜೆಡಿಕೆಯ ಜಿಪಿಎಲ್ ಇನ್ನಷ್ಟು ಕಟ್ಟುನಿಟ್ಟು. ಆದರೆ ಕ್ಲಾಸ್‌ಪಾಥ್ ವಿನಾಯಿತಿ ಎಂಬ ಸೇರ್ಪಡೆಯಿಂದಾಗಿ ಜಾವಾದ ಲೈಬ್ರರಿಗಳನ್ನು ಬಳಸಿದ ಮಾತ್ರಕ್ಕೆ ಬ್ಯಾಂಕಿನ ಪ್ರೋಗ್ರಾಂ ತೆರೆದಿಡಬೇಕಾಗಿಲ್ಲ. ಈ ಎರಡೂ ಹದಗಳು ಕಂಪನಿಗಳಿಗೆ ಒಪ್ಪಿಗೆಯಾದವು.

ಜಕಾರ್ತಾ ಮತ್ತು ಅಡಾಪ್ಟಿಯಂ

ದೊಡ್ಡ ವ್ಯವಹಾರಗಳ ಸರ್ವರುಗಳಿಗೆ ಬೇಕಾದ ಜಾವಾ ಇಇ ಎಂಬ ಭಾಗದಲ್ಲಿ ಒರಾಕಲ್‌ನ ಆಸಕ್ತಿ ತಗ್ಗಿದಂತೆ ಕಂಡಾಗ ಐಬಿಎಂ, ರೆಡ್ ಹ್ಯಾಟ್, ಪಯಾರಾ, ಟೋಮಿಟ್ರೈಬ್ ಮತ್ತು ಲಂಡನ್ನಿನ ಜಾವಾ ಬಳಕೆದಾರರ ಸಂಘ 2016ರಲ್ಲಿ ಮೈಕ್ರೋಪ್ರೊಫೈಲ್ ಎಂಬ ಸ್ವತಂತ್ರ ಪ್ರಯತ್ನ ಆರಂಭಿಸಿದವು. 2017ರ ಸೆಪ್ಟೆಂಬರಿನಲ್ಲಿ ಒರಾಕಲ್ ಇಡೀ ಜಾವಾ ಇಇಯನ್ನು, ಟಿಸಿಕೆ ಸಮೇತ, ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಲು ನಿರ್ಧರಿಸಿತು. ಕೋಡು ಬಂತು, ಪರೀಕ್ಷೆಗಳು ಬಂದವು, ಹೆಸರು ಬರಲಿಲ್ಲ. 2018ರಲ್ಲಿ ಅದನ್ನು ಜಕಾರ್ತಾ ಇಇ ಎಂದು ಕರೆಯಬೇಕಾಯಿತು. ಕೋಡಿನ ಒಳಗೆ ಎಲ್ಲೆಲ್ಲೂ ಇದ್ದ ಜಾವಾಎಕ್ಸ್ ಎಂಬ ಪೂರ್ವಪದವನ್ನು ಬದಲಾದ ನಿರ್ದಿಷ್ಟತೆಗಳಲ್ಲಿ ಬಳಸುವ ಕುರಿತು ಮಾತುಕತೆ 2019ರ ಮೇನಲ್ಲಿ ಮುರಿದುಬಿತ್ತು. 2020ರ ಡಿಸೆಂಬರ್‌ನ ಜಕಾರ್ತಾ ಇಇ 9ರಲ್ಲಿ ಪೂರ್ವಪದಗಳನ್ನೆಲ್ಲ ಒಮ್ಮೆಗೇ ಬದಲಿಸಲಾಯಿತು. ಟಾಮ್‌ಕ್ಯಾಟ್ 10, ಸ್ಪ್ರಿಂಗ್ ಬೂಟ್ 3 ಮುಂತಾದವು ಅದನ್ನು ಹಿಂಬಾಲಿಸಿದವು. ಹೊಸ ಸೌಲಭ್ಯವೇನೂ ಸಿಗದೆ, ಒಂದು ಟ್ರೇಡ್‌ಮಾರ್ಕ್ ಕಾರಣಕ್ಕೆ ಜಗತ್ತಿನಾದ್ಯಂತ ಪ್ರೋಗ್ರಾಮರುಗಳು ಹಳೆಯ ಕೋಡಿನಲ್ಲಿ ಇಂಪೋರ್ಟ್ ಸಾಲುಗಳನ್ನು ತಿದ್ದುತ್ತ ಕೂರಬೇಕಾಯಿತು.

ಒರಾಕಲ್ 2018ರ ಜೆಡಿಕೆ 11ರಿಂದ ತನ್ನ ಜೆಡಿಕೆಯ ವಾಣಿಜ್ಯ ಬಳಕೆಗೆ ಹಣ ಕೇಳತೊಡಗಿದ್ದು ಇನ್ನೊಂದು ತಿರುವು. ಅದೇ ವರ್ಷದ ನವೆಂಬರಿನಲ್ಲಿ ಅಮೆಝಾನ್ ಕೊರೆಟ್ಟೋ ಎಂಬ ಉಚಿತ ಜೆಡಿಕೆ ಘೋಷಿಸಿತು. 2019ರಲ್ಲಿ ಜಾವಾ 8 ಮತ್ತು 11ರ ಮುಕ್ತ ಆವೃತ್ತಿಗಳಿಗೆ ಭದ್ರತಾ ತಿದ್ದುಪಡಿ ಒದಗಿಸುವ ಮುಂದಾಳತ್ವ ರೆಡ್ ಹ್ಯಾಟ್‌ಗೆ ಬಂತು. ಬಳಕೆದಾರರ ಗುಂಪುಗಳು ಕಟ್ಟಿದ್ದ ಅಡಾಪ್ಟ್ ಓಪನ್ ಜೆಡಿಕೆ 2021ರಲ್ಲಿ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಬಂದು ಅಡಾಪ್ಟಿಯಂ ಆಯಿತು. ಅದು ಹಂಚುವ ಟೆಮುರಿನ್ ಜೆಡಿಕೆಗೆ ಟಿಸಿಕೆ ಬಳಸುವ ಒಪ್ಪಂದವೂ ಒರಾಕಲ್ ಜೊತೆ ಆಯಿತು. ಒರಾಕಲ್ ಜೆಡಿಕೆ 17ರಿಂದ ಮತ್ತೆ ಉಚಿತ ಪರವಾನಗಿಯೊಂದನ್ನು ತಂದಿತು. ಕೋಡು ಮುಕ್ತವಾಗಿರುವುದರಿಂದಲೇ ಇಷ್ಟೆಲ್ಲ ಪರ್ಯಾಯಗಳು ಒಂದೆರಡು ವರ್ಷಗಳಲ್ಲಿ ಎದ್ದುನಿಂತವು.

ಬೆಂಗಳೂರಿನ ಪಾಲು

ಎಕ್ಲಿಪ್ಸ್ ಜಾವಾಗೆ ತನ್ನದೇ ಕಂಪೈಲರ್ ಹೊಂದಿದೆ. ಇಸಿಜೆ ಎಂಬ ಈ ಕಂಪೈಲರ್ ಓಪನ್ ಜೆಡಿಕೆಯ ಕಂಪೈಲರ್ ಆದ ಜಾವಾಸಿಗಿಂತ ಬೇರೆ. ಒಂದು ಕಡತ ಬದಲಾದರೆ ಅದಕ್ಕೆ ಸಂಬಂಧಿಸಿದವುಗಳನ್ನಷ್ಟೇ ಮತ್ತೆ ಕಂಪೈಲ್ ಮಾಡುತ್ತದೆ, ಒಂದು ಕಡೆ ತಪ್ಪಿದ್ದರೂ ಉಳಿದ ಭಾಗವನ್ನು ಓಡಿಸಲು ಬಿಡುತ್ತದೆ. ಇದನ್ನು ನೋಡಿಕೊಳ್ಳುವ ಹೊಣೆಯ ದೊಡ್ಡ ಪಾಲು ಐಬಿಎಂನ ಬೆಂಗಳೂರು ತಂಡಕ್ಕೆ ಬಂದಿತ್ತು. ಜಾವಾ 8ರಲ್ಲಿ ಲ್ಯಾಂಬ್ಡಾ ಎಂಬ ಹೊಸ ಭಾಷಾ ಸೌಲಭ್ಯ ಬಂದಾಗ ಆ ತಂಡದ ಪರೀಕ್ಷೆ ನಡೆಯಿತು. ಪ್ರೋಗ್ರಾಮರ್ ಬರೆಯದೆ ಬಿಟ್ಟ ಟೈಪನ್ನು ಸುತ್ತಲಿನ ಕೋಡಿನಿಂದ ಊಹಿಸುವ ನಿಯಮಗಳು ಪೂರಾ ಬದಲಾಗಿದ್ದವು, ಕಂಪೈಲರಿನ ಆ ಭಾಗವನ್ನು ಬುಡದಿಂದ ಬರೆಯಬೇಕಾಗಿತ್ತು. ಬೆಂಗಳೂರಿನ ತಂಡ, ಜರ್ಮನಿಯ ಬೇರೊಂದು ಕಂಪನಿಯಲ್ಲಿದ್ದ ಎಂಜಿನಿಯರ್ ಜೊತೆಗೂಡಿ ಇದನ್ನು ಮುಗಿಸಿತು. 2014ರ ಮಾರ್ಚ್‌ನಲ್ಲಿ ಜಾವಾ 8 ಬಿಡುಗಡೆಯಾದಾಗ ಎಕ್ಲಿಪ್ಸ್‌ನ ಪ್ಯಾಚ್ ಸಿದ್ಧವಾಗಿತ್ತು, ಜೂನ್‌ನ ಲೂನಾ ಆವೃತ್ತಿಯಲ್ಲಿ ಅದು ಒಳಗೇ ಸೇರಿತು. ಒಂದೇ ನಿಯಮಕ್ಕೆ ಎರಡು ಕಂಪೈಲರುಗಳು ಬೇರೆ ಬೇರೆ ಅರ್ಥ ಮಾಡಿದಾಗಲೆಲ್ಲ ಜಾವಾಸಿಯ ಬಗ್‌ಗಳೂ, ಭಾಷೆಯ ನಿರ್ದಿಷ್ಟತೆಯಲ್ಲೇ ಇದ್ದ ಅಸ್ಪಷ್ಟತೆಗಳೂ ಹೊರಬಿದ್ದವು. ಬೆಂಗಳೂರು ಎಂದರೆ ಹೊರದೇಶಗಳಿಂದ ಬಂದ ಕೆಲಸ ಮುಗಿಸಿಕೊಡುವ ಊರು ಎಂಬ ಮಾತಿನ ನಡುವೆ, ಭಾಷೆಯೊಂದರ ಅಸ್ತಿಭಾರದಲ್ಲಿ ಇಲ್ಲಿಂದ ನಡೆದ ಈ ಕೆಲಸಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ಇತರ ವೇದಿಕೆಗಳು

ಜಾಯೆಂಟ್ ಕಂಪನಿಯ ಹಿಡಿತದಲ್ಲಿದ್ದ ನೋಡ್ ಜೆಎಸ್‌ನಿಂದ ಬೇಸತ್ತವರು ಐಒ ಜೆಎಸ್ ಎಂಬ ಕವಲನ್ನು ತೆಗೆದು 2015ರ ಜನವರಿಯಲ್ಲಿ ಮೊದಲ ಆವೃತ್ತಿ ಹೊರತಂದರು. ಅದೇ ವರ್ಷ ಲೈನಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ನೋಡ್ ಪ್ರತಿಷ್ಠಾನ ರಚನೆಯಾಗಿ, ಸೆಪ್ಟೆಂಬರ್‌ನ 4.0 ಆವೃತ್ತಿಯಲ್ಲಿ ಎರಡೂ ಕವಲುಗಳು ಕೂಡಿದವು. ರಸ್ಟ್ ಭಾಷೆಗೆ ಆಸರೆಯಾಗಿದ್ದ ಮೊಝಿಲ್ಲಾ 2020ರಲ್ಲಿ ಸಿಬ್ಬಂದಿ ಕಡಿತ ಮಾಡಿತು. 2021ರ ಫೆಬ್ರವರಿಯಲ್ಲಿ ಅಮೆಝಾನ್ ವೆಬ್ ಸರ್ವೀಸಸ್, ಗೂಗಲ್, ಹುವಾವೆ, ಮೈಕ್ರೋಸಾಫ್ಟ್, ಮೊಝಿಲ್ಲಾ ಸೇರಿ ರಸ್ಟ್ ಪ್ರತಿಷ್ಠಾನ ಸ್ಥಾಪಿಸಿದವು. ಟ್ರೇಡ್‌ಮಾರ್ಕ್‌ಗಳೂ ಅದಕ್ಕೆ ಹೋದವು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಆರಂಭವಾದ ಎಲ್‌ಎಲ್‌ವಿಎಂಗೆ ಆಪಲ್, ಗೂಗಲ್ ಮುಂತಾದವು ಒಟ್ಟಿಗೆ ದುಡಿಯುತ್ತವೆ. ಗೂಗಲ್‌ನ ಗೋ ಭಾಷೆ ಮಾತ್ರ ಮುಕ್ತವಾಗಿದ್ದರೂ ಒಂದೇ ಕಂಪನಿಯ ಮುಂದಾಳತ್ವದಲ್ಲೇ ನಡೆದಿದೆ.

ಹಣ ಮತ್ತು ಹೊರೆ

ಕಂಪನಿಯ ಆಸಕ್ತಿ ಬದಲಾದರೆ ಎಂಜಿನಿಯರುಗಳೂ ಹೋಗುತ್ತಾರೆ ಎಂಬುದು ಈ ಪದ್ಧತಿಯ ದೊಡ್ಡ ದೌರ್ಬಲ್ಯ. ಆಂಡ್ರಾಯ್ಡ್ ಆ್ಯಪ್ ಬರೆಯಲು ಗೂಗಲ್ ಮೊದಲು ಕೊಟ್ಟದ್ದು ಎಕ್ಲಿಪ್ಸ್ ಪ್ಲಗ್‌ಇನ್. 2014ರ ಡಿಸೆಂಬರಿನಲ್ಲಿ ಎಕ್ಲಿಪ್ಸ್‌ನ ಪ್ರತಿಸ್ಪರ್ಧಿಯಾದ ಇಂಟೆಲಿಜೆ ಆಧಾರಿತ ಆಂಡ್ರಾಯ್ಡ್ ಸ್ಟುಡಿಯೋ 1.0 ಬಂತು, ಮರುವರ್ಷದ ಕೊನೆಗೆ ಆ ಪ್ಲಗ್‌ಇನ್‌ಗೆ ಬೆಂಬಲ ನಿಂತಿತು. ಐಬಿಎಂ 2019ರಲ್ಲಿ 3,400 ಕೋಟಿ ಡಾಲರಿಗೆ ರೆಡ್ ಹ್ಯಾಟ್ ಕೊಂಡಾಗ, ಹಲವು ಯೋಜನೆಗಳಲ್ಲಿ ಎರಡು ಸ್ವತಂತ್ರ ದನಿಗಳಿದ್ದ ಕಡೆ ಒಂದೇ ಒಡೆತನ ಉಳಿಯಿತು. ಎಕ್ಲಿಪ್ಸ್ ಪ್ರತಿಷ್ಠಾನ 2021ರಲ್ಲಿ ತನ್ನ ಕಾನೂನು ನೆಲೆಯನ್ನು ಬ್ರಸೆಲ್ಸ್‌ಗೆ ಸ್ಥಳಾಂತರಿಸಿತು. ಅದರ ಸದಸ್ಯರಲ್ಲಿ ಹೆಚ್ಚಿನವರು ಯೂರೋಪಿನವರಾಗಿದ್ದದ್ದು ಇದಕ್ಕೆ ಒಂದು ಕಾರಣ. ಎಕ್ಲಿಪ್ಸ್ ಎಡಿಟರಿನ ನಿರ್ವಹಣೆಗೇ ಹಣ ಕೂಡಿಸಲು ಅದೇ ವರ್ಷ ಪ್ರತ್ಯೇಕ ಕಾರ್ಯತಂಡ ಹುಟ್ಟಿತು.

ಎಡಿಟರಿನ ಬಳಕೆದಾರರು ಕಡಿಮೆಯಾದರೂ ಅದರ ಕೋಡಿನ ಬಳಕೆ ಕಡಿಮೆಯಾಗಿಲ್ಲ. ಎರಿಕ್ ಗಾಮಾ 2011ರಲ್ಲಿ ಮೈಕ್ರೋಸಾಫ್ಟ್ ಸೇರಿ, ಜ್ಯೂರಿಕ್‌ನಲ್ಲೇ ಕುಳಿತು ವಿಎಸ್ ಕೋಡ್ ಎಡಿಟರ್ ಕಟ್ಟಿದ ತಂಡವನ್ನು ನಡೆಸಿದರು. 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಕಂಪನಿಗಳು ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಪ್ರಕಟಿಸಿದವು. ಭಾಷೆಯ ಜ್ಞಾನವಿರುವ ತಂತ್ರಾಂಶ ಒಂದು ಕಡೆ, ಎಡಿಟರ್ ಇನ್ನೊಂದು ಕಡೆ ಇದ್ದು ಸಂದೇಶಗಳ ಮೂಲಕ ಮಾತಾಡುವ ವ್ಯವಸ್ಥೆ ಇದು. ವಿಎಸ್ ಕೋಡ್‌ಗೆ ರೆಡ್ ಹ್ಯಾಟ್ ಒದಗಿಸುವ ಜಾವಾ ಎಕ್ಸ್‌ಟೆನ್ಷನ್‌ನ ಒಳಗೆ, ಕಿಟಕಿ ಗುಂಡಿಗಳನ್ನೆಲ್ಲ ತೆಗೆದ ಎಕ್ಲಿಪ್ಸ್ ಜೆಡಿಟಿಯೇ ಓಡುತ್ತದೆ. ಅಲ್ಲಿ ಒಂದು ಹೆಸರಿನ ಕೆಳಗೆ ಕೆಂಪು ಗೆರೆ ಮೂಡಿದರೆ ಅದನ್ನು ಪತ್ತೆಹಚ್ಚಿದ್ದು ಇಸಿಜೆ ಕಂಪೈಲರ್. ಪ್ರತಿ ಆರು ತಿಂಗಳಿಗೆ ಹೊಸ ಜಾವಾ ಬಂದಾಗ ಅದರ ನಿಯಮಗಳನ್ನು ಆ ಕಂಪೈಲರಿಗೆ ಸೇರಿಸುವ ಕೆಲಸ ಈಗಲೂ ಜೆಡಿಟಿಯ ಕಮಿಟರುಗಳದೇ.